ಬಿಳಿಚುತ್ತಿರುವ ಹವಳದ ತೋಟಗಳು

ಗುಣವತಿಯಾದ ಸ್ತ್ರೀಯ ಬೆಲೆಯನ್ನು ವರ್ಣಿಸುವಾಗ ಜ್ಞಾನೋಕ್ತಿಗಳ ಕಡೆಯ ಅಧ್ಯಾಯವು ನಮ್ಮ ಕನ್ನಡ ಸತ್ಯವೇದದಲ್ಲಿ ಹವಳದ ಹೆಸರನ್ನೆತ್ತುತ್ತದೆ. ಆ ಅಧ್ಯಾಯವನ್ನು ಬಾಯಿಪಾಠಮಾಡಿದ ವಿದ್ಯಾರ್ಥಿನಿಯರು ನಮ್ಮಲ್ಲಿ ಬಹುಮಂದಿ. ಆದರೆ ಹವಳವೆಂದರೇನು, ಅದನ್ನು ಯಾರು ಕಟ್ಟುತ್ತಾರೆ ಎಂಬದನ್ನು ವಿಚಾರಿಸಿದವರು ಕೆಲವರೇ. ಸರಕ್ಕೆ ಪೋಣಿಸುವ ಕೆಂಪು ಹವಳವು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ನಾನಿಲ್ಲಿ ಹೇಳಹೊರಟಿರುವುದು ಅದಕ್ಕೆ ದೂರದ ನೆಂಟನಾದ ಕಲ್ಲುಹವಳದ ವಿಷಯ. ಇದು ಯಾರ ಕೊರಳನ್ನೂ ಅಲಂಕರಿಸುವುದಿಲ್ಲ. ಆದರೆ ಉಷ್ಣ ಸಮುದ್ರಗಳಲ್ಲಿ ಊರುಗಳನ್ನೂ ತೆಂಗಿನ ತೋಟಗಳನ್ನೂ ಹೊತ್ತು ನಿಂತಿದೆ.

ಈ ಕಲ್ಲನ್ನು ಕಟ್ಟುವುದು ಒಂದು ಪುಟ್ಟ ಪ್ರಾಣಿ. ಅದರ ಮೈ ಒಂದು ಮೃದುವಾದ ಚೀಲ. ಬಾಯಿಯ ಸುತ್ತಲೂ ಎಳೆಗಳಂಥ ಕೈಗಳು. ಸಮುದ್ರದ ನೀರಿನಲ್ಲಿರುವ ಸುಣ್ಣವನ್ನು ತೆಗೆದುಕೊಂಡು ಅದು ತನ್ನ ಕೆಳಗೆ ಬಟ್ಟಲಿನಂಥ ಮನೆಯನ್ನು ಕಟ್ಟಿಕೊಳ್ಳುತ್ತದೆ. ಒಂದರ ಮನೆಯ ಮೇಲೆ ಇನ್ನೊಂದರ ಮನೆ ಏಳುತ್ತಾ ಸಾವಿರಾರು ವರ್ಷಗಳಲ್ಲಿ ದಿಬ್ಬವಾಗುತ್ತದೆ. ಈ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯೊಂದು ಬಾಡಿಗೆಗಿರುವವರಂತೆ ವಾಸಿಸುತ್ತದೆ. ಹವಳವು ಅದಕ್ಕೆ ಆಶ್ರಯವನ್ನು ಕೊಟ್ಟರೆ, ಅದು ಬಿಸಿಲಿನಲ್ಲಿ ಆಹಾರವನ್ನು ಸಿದ್ಧಮಾಡಿ ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಒದಗಿಸುತ್ತದೆ. ಹವಳದ ಬಣ್ಣದಲ್ಲಿ ಹೆಚ್ಚು ಪಾಲು ಈ ಪಾಚಿಯಿಂದಲೇ ಬಂದದ್ದು. ಹೀಗೆ ಕಟ್ಟಲ್ಪಟ್ಟ ದಿಬ್ಬಗಳು ಕಡಲಿನ ತಳದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಸ್ಥಳದಲ್ಲಿದ್ದರೂ, ಕಡಲಿನ ಜೀವಜಾತಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ತಮ್ಮ ಆಯುಷ್ಯದಲ್ಲಿ ಎಂದಾದರೂ ಅವುಗಳನ್ನು ಆಶ್ರಯಿಸುತ್ತವೆ.

ಈ ಮಾತು ದೂರದೇಶದ ವಾರ್ತೆಯೆಂದು ತಿಳಿಯಬಾರದು. ನಮ್ಮ ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಇನ್ನು ಲಕ್ಷದ್ವೀಪವಂತೂ ಪೂರ್ಣವಾಗಿ ಹವಳದ ಸೃಷ್ಟಿ. ಅದರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು 1956ರ ನವೆಂಬರದ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಲಕ್ಷದ್ವೀಪದ ನೆಲವೆಲ್ಲ ಸೇರಿದರೂ ಸುಮಾರು 32 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64 ಸಾವಿರಕ್ಕೂ ಹೆಚ್ಚು ಜನ. ಆ ನೆಲವು ನೀರಿನಿಂದ ಕೆಲವೇ ಮೀಟರುಗಳಷ್ಟು ಎತ್ತರದಲ್ಲಿದೆ. ಮಳೆಗಾಲದ ತೆರೆಗಳು ಮನೆಗಳ ಮೇಲೆ ಬೀಳದಂತೆ ತಡೆಯುವುದು ಸುತ್ತಲಿನ ಹವಳದ ದಿಬ್ಬವೇ. ದಡದ ಬಿಳಿಯ ಮರಳು ಸಹ ಹವಳವೇ ಪುಡಿಯಾಗಿ ಬಂದದ್ದು.

ಈಗ ಒದಗಿರುವ ವಿಪತ್ತು ಇದು. ಬೇಸಿಗೆಯಲ್ಲಿ ಕಡಲಿನ ನೀರು ಸಹಜವಾಗಿ ಏರುವ ಅತ್ಯಧಿಕ ಉಷ್ಣತೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಆ ತಾಪವು ಕೆಲವು ವಾರ ನಿಂತರೆ ಸಾಕು, ಹವಳವು ತನ್ನೊಳಗಿನ ಪಾಚಿಯನ್ನು ಹೊರಗೆಡಹುತ್ತದೆ. ಬಣ್ಣವೂ ಆಹಾರವೂ ಒಟ್ಟಿಗೆ ಹೋಗಿ, ಎಲುಬಿನಂತೆ ಬೆಳ್ಳಗಾಗುತ್ತದೆ. ಬಿಳಿಚಿದ ಹವಳವು ಒಡನೆ ಸತ್ತದ್ದೆಂದಲ್ಲ. ಅದು ಉಪವಾಸವಿರುವ ರೋಗಿಯಂತೆ. ನೀರು ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಈ ಮೂರು ವರ್ಷಗಳಲ್ಲಿಯೂ, ಮತ್ತೆ 2024ರಲ್ಲಿಯೂ ಇಂಥ ಬೇನೆ ಬಂದಿತು.

2018ರಲ್ಲಿ ನಾನು ಕಡಮತ್ ದ್ವೀಪಕ್ಕೆ ಹೋಗಿದ್ದಾಗ, ತಳದಲ್ಲಿ ಗಾಜನ್ನು ಹಾಕಿದ ದೋಣಿಯಿಂದ ಆ ತಿಳಿನೀರಿನೊಳಗನ್ನು ನೋಡಿದೆನು. ಕೆಲವೆಡೆ ಜಿಂಕೆಯ ಕೊಂಬಿನಂಥ ಕವಲುಗಳು ಮುರಿದು, ಬೂದುಬಣ್ಣದ ಪಾಚಿಯನ್ನು ಹೊದ್ದು, ಸುಟ್ಟ ಸೌದೆಯ ಹಾಗೆ ರಾಶಿಬಿದ್ದಿದ್ದವು. ಅವುಗಳ ಮಧ್ಯದಲ್ಲಿಯೇ ಬೆರಳುದ್ದದ ಎಳೆಯ ಹವಳವೊಂದು ನಸುನೀಲಿಯ ಬಣ್ಣದಿಂದ ಬೆಳೆಯುತ್ತಿತ್ತು. ದೋಣಿಯನ್ನು ನಡಿಸುತ್ತಿದ್ದ ಹಿರಿಯರು, ಟ್ಯೂನಾ ಮೀನನ್ನು ಗಾಳದಿಂದ ಹಿಡಿಯುವದಕ್ಕೆ ಬೇಕಾದ ಸಣ್ಣ ಮೀನುಗಳು ಹವಳದ ನಡುವೆಯೇ ಸಿಕ್ಕುತ್ತವೆಂದೂ, ಹವಳ ಕೆಟ್ಟ ಕಡೆಯಲ್ಲಿ ಅವುಗಳನ್ನು ಅರಸಬೇಕಾಗಿದೆಯೆಂದೂ ತಿಳಿಸಿದರು. ಆ ಮಾತಿನಲ್ಲಿ ದೂರಿರಲಿಲ್ಲ. ಮನೆಯ ಕಣಜ ಎಷ್ಟು ಬರಿದಾಗಿದೆಯೆಂದು ಲೆಕ್ಕ ಹೇಳುವ ಗೃಹಸ್ಥನ ಗಾಂಭೀರ್ಯವಿತ್ತು.

1998ರ ಬೇನೆಯ ನಂತರ ಲಕ್ಷದ್ವೀಪದ ಹವಳವು ಅನೇಕ ಕಡೆಗಳಲ್ಲಿ ಸುಮಾರು ಹತ್ತು ವರ್ಷಗಳಲ್ಲಿ ಚೆನ್ನಾಗಿ ಚಿಗುರಿತು. ಸೃಷ್ಟಿಕರ್ತನು ಅದರಲ್ಲಿಟ್ಟ ವಾಸಿಯಾಗುವ ಶಕ್ತಿ ಅಲ್ಪವಾದುದಲ್ಲ. ಆದರೆ ಗಾಯವು ಮಾಯುವದಕ್ಕೆ ಮುಂಚೆ ಮತ್ತೊಂದು ಪೆಟ್ಟು ಬೀಳುತ್ತಲಿದೆ. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 24 ವರ್ಷ ನಡಿಸಿದ ಪರಿಶೋಧನೆಯಲ್ಲಿ, ಜೀವವುಳ್ಳ ಹವಳವು 1998ರಲ್ಲಿದ್ದುದರ ಅರ್ಧದಷ್ಟಕ್ಕೆ 2022ರೊಳಗೆ ಇಳಿದದ್ದು ಕಂಡುಬಂದಿತು. ಹವಳಕ್ಕೆ ಕಡಿಮೆಯಾಗಿರುವುದು ಸಾಮರ್ಥ್ಯವಲ್ಲ, ಬಿಡುವು.

ಕಾರಣವೋ, ಕಡಲಿನದಲ್ಲ, ನೆಲದ ಮೇಲಿರುವ ನಮ್ಮದು. ಕಲ್ಲಿದ್ದಲು, ಎಣ್ಣೆಗಳನ್ನು ಸುಡುವುದರಿಂದ ಇಂಗಾಲಾಮ್ಲ ವಾಯುವು ಗಾಳಿಯಲ್ಲಿ ಹೆಚ್ಚಿ, ಭೂಮಿಯ ಮೇಲೆ ಕಂಬಳಿ ಹೊದಿಸಿದಂತಾಗಿದೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಅದು ಸುಮಾರು 280 ಪಾಲು ಇತ್ತು. ಈಗ 420ನ್ನು ಮೀರಿದೆ. ಹೀಗೆ ಕೂಡಿದ ಹೆಚ್ಚಿನ ತಾಪದಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಪಾಲನ್ನು ಸಮುದ್ರವೇ ನುಂಗಿಕೊಂಡಿದೆ. ಭೂಮಿಯ ಉಷ್ಣತೆ ಆ ಕಾಲಕ್ಕಿಂತ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90 ಪಾಲು ನಶಿಸುವದೆಂದೂ, 2 ಡಿಗ್ರಿ ಏರಿದರೆ ಬಹುಮಟ್ಟಿಗೆ ಎಲ್ಲವೂ ಹೋಗುವದೆಂದೂ ನಾನಾ ದೇಶಗಳ ವಿಜ್ಞಾನಿಗಳು 2018ರಲ್ಲಿ ಎಚ್ಚರಿಸಿದರು. ಈ ಅರ್ಧ ಡಿಗ್ರಿಯ ಅಂತರದಲ್ಲಿ ಉಳಿಯುವ ಸ್ವಲ್ಪವೇ ಮುಂದಿನ ಬೀಜ.

ಒಂದು ಮನೆಯ ದೀಪವಾರಿಸಿದ ಮಾತ್ರಕ್ಕೆ ಕಡಲು ತಣ್ಣಗಾಗದು. ಆದಾಗ್ಯೂ ಮಿತವ್ಯಯವನ್ನು ಮಕ್ಕಳು ಕಲಿಯುವುದು ಮನೆಯಲ್ಲಿಯೇ. ಪಟ್ಟಣಕ್ಕೆ ಬೆಳಕು ಯಾವ ಮೂಲದಿಂದ ಬರಬೇಕೆಂದು ನಾಳೆ ತೀರ್ಮಾನಿಸುವವರೂ ಇಂದು ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕುಳಿತ ಹುಡುಗಿಯರೇ. ಆದಕಾರಣ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ನಿಮ್ಮ ಮಗಳು ಭೂಗೋಳ, ವಿಜ್ಞಾನಗಳನ್ನು ಇಷ್ಟಪಟ್ಟು ಮುಂದೆ ಓದಬಯಸಿದರೆ, ಹೆಣ್ಣಿಗೆ ಸಮುದ್ರದ ವಿದ್ಯೆ ಯಾಕೆಂದು ತಡೆಯದಿರಿ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮಲ್ಲಿ ಉಪಾಧ್ಯಾಯಿನಿಯರಾಗಿರುವವರು ಈ ವಿಷಯವನ್ನು ತರಗತಿಯಲ್ಲಿ ತಿಳಿಯಹೇಳಿರಿ. ಆದಿಯಲ್ಲಿ ಮನುಷ್ಯನಿಗೆ ಒಪ್ಪಿಸಲ್ಪಟ್ಟ ಕೆಲಸವು ತೋಟದ ಕಾವಲು. ನೀರಿನ ಕೆಳಗಿರುವ ತೋಟವೂ ಆ ಕಾವಲಿಗೆ ಸೇರಿದ್ದೇ ಎಂಬ ತಿಳುವಳಿಕೆಯು ನಮ್ಮ ಮಕ್ಕಳಲ್ಲಿ ಬೇರೂರಲೆಂದು ಹಾರೈಸುತ್ತೇನೆ.