‘ಕಿರುಮೆದುಳು ಅಷ್ಟೇ’ ಅಂದಿದ್ದೆ

ಬೆಟಗೇರಿಯ ನಮ್ಮ ಕಾಕಾನ ಮನೆ ಅಂದರೆ ಮಗ್ಗದ ಸಪ್ಪಳ. ರಜೆಗೆ ಹೋದಾಗ ನನಗೆ ಅದೇ ಅಲಾರಾಂ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಸಪ್ಪಳ ನಿಂತಿತು. ತಲೆ ಗಿರ್ರೆಂದು ತಿರುಗಿ, ವಾಂತಿಯಾಗಿ ಕಾಕಾ ಮಗ್ಗದ ಪಕ್ಕದಲ್ಲೇ ಬಿದ್ದಿದ್ದ. ಪಿತ್ತ ಇರಬೇಕು ಅಂತ ಮನೆಯವರು ಲಿಂಬೆಹಣ್ಣಿನ ಶರಬತ್ತು ಕುಡಿಸಿ ಮಲಗಿಸಿದರು. ಸಂಜೆ ಮಾತು ತೊದಲಿದ ಮೇಲೆಯೇ ಆಸ್ಪತ್ರೆಗೆ ಓಡಿದ್ದು. ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಕಿರುಮೆದುಳಿನಲ್ಲಿ ಸ್ಟ್ರೋಕ್.

ಬೆಂಗಳೂರಿನಲ್ಲಿ ಕೂತಿದ್ದ ನಾನು ಮನೆತನದ ಮೊದಲ ಎಂಜಿನಿಯರ್. ಫ್ಯಾಮಿಲಿ ಗ್ರೂಪಿನಲ್ಲಿ ಧೈರ್ಯ ಹೇಳಿದೆ: “ಗಾಬರಿ ಆಗಬ್ಯಾಡ್ರಿ. ದೊಡ್ಡ ಮೆದುಳಿಗೆ ಏನೂ ಆಗಿಲ್ಲ, ಕಿರುಮೆದುಳು ಅಷ್ಟೇ. ಬ್ಯಾಲೆನ್ಸ್ ತಪ್ಪತೈತಿ, ವ್ಯಾಯಾಮ ಮಾಡಿದ್ರ ಬರತೈತಿ.” ಶಾಲೆಯಲ್ಲಿ ಕಲಿತದ್ದು ಅಷ್ಟೇ. ವಿಚಾರಕ್ಕೆ ದೊಡ್ಡ ಮೆದುಳು, ಸಮತೋಲನಕ್ಕೆ ಕಿರುಮೆದುಳು.

ನಾಲ್ಕು ತಿಂಗಳಿಗೆ ಕಾಕಾ ನಡೆದಾಡಿದ. ಆದರೆ ಮನುಷ್ಯ ಮೊದಲಿನಂತಿರಲಿಲ್ಲ. ಮುಂಡರಗಿಗೆ ಮಣ್ಣಿಗೆ ಹೋದವನು ಸತ್ತವರ ಮನೆಯಲ್ಲೇ ಜೋಕ್ ಹೇಳಿ ನಕ್ಕ. ಲಕ್ಷ್ಮೇಶ್ವರದ ಬೀಗರ ಮೇಲೆ ಊಟದ ನಡುವೆ ರೇಗಿದ. ಶಿರಹಟ್ಟಿಯವರು ಹೇಳಿದ್ದ ಸೀರೆ ನೇಯಲು ಕೂತರೆ ಕೈ ಲಾಳಿ ಎಸೆಯುತ್ತಿತ್ತು, ಮುಂದೆ ಯಾವ ಬಣ್ಣ, ಸೆರಗು ಯಾವಾಗ ಅನ್ನುವುದು ಹೊಳೆಯುತ್ತಿರಲಿಲ್ಲ. ಚಿಗವ್ವ ಫೋನಿನಲ್ಲಿ ಅತ್ತಳು: “ಗ್ವಾಡಿ ಬಿಟ್ಟು ನಡ್ಯಾಕತ್ತಾನಪಾ. ಆದ್ರ ಒಂದ್ ಕೆಲಸಾನೂ ಸಾಲಿಗೆ ಹಚ್ಚಾಕ ಆಗವಲ್ದು.” ನಾನು ಕಾಕಾನಿಗೇ ಬೈದೆ: “ನೀ ಮನಸ್ಸು ಮಾಡವಲ್ಲಿ, ಕಾಕಾ.” ಅವನು ಏನೂ ಅನ್ನಲಿಲ್ಲ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಎಲ್ಲ ಕೇಳಿ, “ಇದೂ ಆ ಸ್ಟ್ರೋಕಿನದೇ ಇರಬಹುದು” ಅಂದರು. ಆ ರಾತ್ರಿ ಓದಲು ಕೂತೆ.

ಲ್ಯಾಟಿನ್ನಿನ ‘ಸೆರೆಬೆಲ್ಲಮ್’ ಅಂದರೂ ಪುಟ್ಟ ಮೆದುಳು ಅಂತಲೇ ಅರ್ಥ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ಸ್ ಪಾರಿವಾಳಗಳ ಈ ಭಾಗ ತೆಗೆದು ನೋಡಿದಾಗ ಅವುಗಳ ನಡಿಗೆ, ಹಾರಾಟದ ಹದ ತಪ್ಪಿತ್ತು. ‘ಚಲನೆಯ ಭಾಗ’ ಎಂಬ ಹಣೆಪಟ್ಟಿ ಗಟ್ಟಿಯಾಯಿತು. ಆದರೆ 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ತಂಡ ಎಣಿಸಿದಾಗ, ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇದ್ದದ್ದು ಈ ‘ಪುಟ್ಟ’ದರಲ್ಲೇ. ತೂಕದಲ್ಲಿ ಅದು ಹತ್ತನೇ ಒಂದು ಭಾಗ. ಎಣಿಕೆ ಹೆಚ್ಚೆಂದ ಮಾತ್ರಕ್ಕೆ ವಿಚಾರವೆಲ್ಲ ಅಲ್ಲೇ ನಡೆಯುತ್ತದೆ ಅಂತಲ್ಲ, ಅವು ಬಹುಪಾಲು ತೀರಾ ಸಣ್ಣ ಕೋಶಗಳು. ಆದರೆ 1998ರಲ್ಲಿ ಬೋಸ್ಟನ್‌ನ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್ ಕಿರುಮೆದುಳಿಗೆ ಪೆಟ್ಟಾದ 20 ರೋಗಿಗಳ ಬಗ್ಗೆ ಬರೆದದ್ದು ಓದಿ ಎದೆ ಧಸಕ್ಕೆಂದಿತು. ಯೋಜನೆ ಹಾಕಲು ತೊಡಕು, ಮಾತಿನಲ್ಲಿ ಎಡವಟ್ಟು, ಹೊತ್ತುಗೊತ್ತಿಲ್ಲದ ವರ್ತನೆ. ಎಲ್ಲ ನಮ್ಮ ಕಾಕಾನೇ. ಕೈಕಾಲಿನ ಅಳತೆಯನ್ನು ಹದದಲ್ಲಿ ಇಡುವಂತೆ ವಿಚಾರದ, ಭಾವನೆಯ ಅಳತೆಯನ್ನೂ ಕಿರುಮೆದುಳು ಹದದಲ್ಲಿ ಇಡುತ್ತದೆ ಅನ್ನುವುದು ಶ್ಮಾಮನ್ ವಾದ.

ನಮ್ಮ ಆಫೀಸಿನ ಹಳೇ ಕೋಡಿನಲ್ಲಿ ‘ಪ್ರಿಂಟ್ ಬಿಲ್’ ಅಂತ ಒಂದು ಫಂಕ್ಷನ್ ಇದೆ. ಅದು ತೆರಿಗೆ ಲೆಕ್ಕ ಹಾಕುತ್ತದೆ, ಸ್ಟಾಕ್ ಇಳಿಸುತ್ತದೆ, ಗಿರಾಕಿಗೆ ಮೆಸೇಜನ್ನೂ ಕಳಿಸುತ್ತದೆ. ಒಮ್ಮೆ ಸ್ಟಾಕ್ ಲೆಕ್ಕ ತಪ್ಪಿದಾಗ ಎರಡು ದಿನ ಎಲ್ಲೆಲ್ಲೋ ಹುಡುಕಿದೆವು. ಹೆಸರು ನೋಡಿ ಅದನ್ನು ತೆರೆದೇ ಇರಲಿಲ್ಲ. ಈಗ ಹೆಸರು ಬದಲಿಸಲು ಹೋದರೆ ನೂರು ಕಡೆ ಮುರಿಯುತ್ತದೆ, ಹಾಗಾಗಿ ಮೇಲೆ ಒಂದು ಕಾಮೆಂಟ್ ಬರೆದಿಟ್ಟಿದ್ದೇವೆ. ಕಿರುಮೆದುಳಿನ ಹೆಸರನ್ನೂ ಯಾರೂ ಬದಲಿಸುವುದಿಲ್ಲ ಬಿಡಿ. ನಾನು ಗ್ರೂಪಿನಲ್ಲಿ ಕಾಮೆಂಟ್ ಮಾತ್ರ ಹಾಕಿದೆ: “ನಾ ಹೇಳಿದ್ದು ತಪ್ಪು. ಕಾಕಾ ಹಟ ಮಾಡಾಕತ್ತಿಲ್ಲ. ಇದೂ ಜಡ್ಡಿನದೇ ಭಾಗ.” ಜೊತೆಗೆ ಇನ್ನೊಂದು ಸಾಲು: ಒಮ್ಮೆಲೇ ತಲೆ ತಿರುಗಿ, ವಾಂತಿಯಾಗಿ, ನಡಿಗೆ ಓಲಾಡಿದರೆ ಪಿತ್ತ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಈಗ ಮಗ್ಗದ ಪಕ್ಕ ಒಂದು ಪಾಟಿ ತೂಗುಹಾಕಿದೆ. ಯಾವ ಬಣ್ಣ, ಎಷ್ಟು ಎಳೆ, ಮುಂದೇನು ಅಂತ ಚಿಗವ್ವ ನಂಬರ್ ಹಾಕಿ ಬರೆಯುತ್ತಾಳೆ. ಒಂದು ಮುಗಿದರೆ ಕಾಕಾ ಅಳಿಸುತ್ತಾನೆ. ಮೊದಲು ಎರಡು ದಿನಕ್ಕೆ ಇಳಿಯುತ್ತಿದ್ದ ಸೀರೆಗೆ ಈಗ ವಾರ ಬೇಕು. ಹೋದ ತಿಂಗಳು ಊರಿಗೆ ಹೋಗಿ ಕ್ಷಮೆ ಕೇಳಿದೆ. “ನಿನಗೇನು ಗೊತ್ತಿತ್ತೋ ತಮ್ಮಾ, ನನಗs ಗೊತ್ತಿರಲಿಲ್ಲ” ಅಂದ. ಮರುದಿನ ಬೆಳಿಗ್ಗೆ ಸಪ್ಪಳಕ್ಕೆ ಎಚ್ಚರವಾಯಿತು. ತಡೆತಡೆದು ಬರುತ್ತಿತ್ತು. ಹಾಸಿಗೆಯಲ್ಲೇ ಮಲಗಿ ಕೇಳುತ್ತಿದ್ದೆ.