ಡಿಕ್ಲರೇಶನ್ ಜಾಗ

ಉಡುಪಿಯಿಂದ ಕುಕ್ಕಿಕಟ್ಟೆ ದಾಟಿ ಅಲೆವೂರಿಗೆ ಬಂದರೆ ಲೆನಿನ್ನನ ಪ್ರತಿಮೆ ಕಾಣುವುದಿಲ್ಲ. ಕೆಡವಿದ ಪ್ರತಿಮೆಯ ಕಟ್ಟೆಯೂ ಇಲ್ಲ. 1991ರ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ಕೆಂಬಾವುಟ ಇಳಿದಾಗ ಇಲ್ಲಿಯ ರೈತರಿಗೆ ಸುಗ್ಗಿ ಬೆಳೆಯ ನೀರಿನದೇ ಚಿಂತೆ. ಹಾಗೆಂದು ಕಮ್ಯುನಿಸಂ ಈ ದಾರಿಯಲ್ಲಿ ಹಾದೇ ಹೋಗಿಲ್ಲ ಎನ್ನುವಂತಿಲ್ಲ. ಹಳೆಯ ಮನೆಗಳ ಮರದ ಪೆಟ್ಟಿಗೆಯಲ್ಲಿ, ಮಕ್ಕಳ ಜಾತಕದ ಅಡಿಯಲ್ಲಿ, ಮಡಚಿ ಮಡಚಿ ಹರಿಯಲಾದ ಒಂದು ಕಾಗದ ಇರುತ್ತದೆ. ಭೂ ನ್ಯಾಯಮಂಡಳಿಯ ಆದೇಶ. ಊರವರ ಬಾಯಲ್ಲಿ ಅದು 'ಡಿಕ್ಲರೇಶನ್'.

ಉಳುವವನಿಗೇ ಹೊಲ ಎಂದು ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ ಗಂಟಲು ಹರಿದುಕೊಂಡವರಲ್ಲಿ ಕಮ್ಯುನಿಸ್ಟರು ಮುಂದಿದ್ದರು. ರೈತ ಹೋರಾಟಕ್ಕಾಗಿ 1943ರ ಮಾರ್ಚ್ 29ರಂದು ನಾಲ್ವರು ಗಲ್ಲಿಗೇರಿದ ಕಯ್ಯೂರು ಕೂಡ ಆಗ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಕಾಸರಗೋಡಿನ ಜಮೀನ್ದಾರ ಮನೆತನದಲ್ಲಿ ಹುಟ್ಟಿ ಒಕ್ಕಲುಗಳ ಪರ ನಿಂತ ಬಿ.ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದ ಶಾಸಕರಾದರು. ಆದರೆ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದ ಕೀರ್ತಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸರಿಗೆ ಹೋಯಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿ, ಅಲ್ಲಿಂದ ಉಳುವವನ ಹೆಸರಿಗೆ ಬರತೊಡಗಿತು. ಕೂಗಿದವರು ಒಬ್ಬರು, ಓಟು ಪಡೆದವರು ಇನ್ನೊಬ್ಬರು. ರಾಜಕೀಯದಲ್ಲಿ ಇದೇನೂ ಹೊಸತಲ್ಲ ಬಿಡಿ.

ಅಲ್ಲಿಯವರೆಗೆ ಗದ್ದೆಯ ಲೆಕ್ಕ ನಡೆಯುತ್ತಿದ್ದದ್ದು ಮುಡಿಯಲ್ಲಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರಿನ ಅಕ್ಕಿಮುಡಿ ಒಕ್ಕಲಿನ ತಲೆಯ ಮೇಲೆ ಧಣಿಗಳ ಚಾವಡಿ ಸೇರುತ್ತಿತ್ತು. ಮೂಲಗೇಣಿಯವನಿಗೆ ಅಷ್ಟಿಷ್ಟು ಭದ್ರತೆ. ಚಾಲಗೇಣಿಯವನನ್ನು ಧಣಿಗಳು ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಅನೇಕರ ಕೈಯಲ್ಲಿ ರಶೀದಿಯ ತುಂಡೂ ಇರಲಿಲ್ಲ. ಭೂ ನ್ಯಾಯಮಂಡಳಿ ಎಂಬ ಟ್ರಿಬ್ಯೂನಲ್ಲಿನಲ್ಲಿ ಮೊದಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ನಿನ್ನೆಯವರೆಗೆ ಅಂಗಳದ ಬದಿಯಲ್ಲಿ ನಿಂತು ಮಾತಾಡುತ್ತಿದ್ದವನು ಧಣಿಗಳ ಎದುರಲ್ಲೇ "ಈ ಗದ್ದೆ ನಾನು ಮಾಡುವುದು" ಎಂದು ಹೇಳಬೇಕಾಯಿತು. ಆ ಒಂದು ವಾಕ್ಯ ಹೇಳುವುದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂದು ಇವತ್ತಿನವರಿಗೆ ಅಂದಾಜಾಗುವುದು ಕಷ್ಟ.

ಜಮೀನು ಕಳೆದುಕೊಂಡವರೆಲ್ಲ ದೊಡ್ಡ ಗುತ್ತಿನ ಧಣಿಗಳೇ ಆಗಿರಲಿಲ್ಲ. ಎರಡು ಗದ್ದೆಯ ಗೇಣಿಯಲ್ಲಿ ಬದುಕುತ್ತಿದ್ದ ವಿಧವೆಯರೂ ಇದ್ದರು. ಅಂಥ ಮನೆಗಳಿಂದ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಬಸ್ಸು ಹತ್ತಿದರು. ಸ್ವಲ್ಪ ಸಮಯದಲ್ಲೇ ಒಕ್ಕಲು ಮನೆಯ ಹುಡುಗರೂ ಅದೇ ಬಸ್ಸು ಹತ್ತಿದರು. ಕ್ರಾಂತಿಯಾದ ಮೇಲೆ ಇಬ್ಬರಿಗೂ ಸಿಕ್ಕಿದ ಸಮಾನತೆ ಅದು.

ಊರಲ್ಲಿ ಉಳಿದ ಹೆಂಗಸರ ಕೈಗೆ ಬಂದದ್ದು ಬೀಡಿ. ಜಗಲಿಯಲ್ಲಿ ಕಾಲು ಚಾಚಿ ಕೂತು, ತಡ್ಪೆ ಎಂಬ ಗೆರಸೆಯನ್ನು ತೊಡೆಯ ಮೇಲಿಟ್ಟು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಬೇಕು. ಸಂಜೆ ಬ್ರಾಂಚಿಗೆ ಕೊಂಡುಹೋದರೆ ಚೆಕ್ಕರ್ ಒಂದಿಷ್ಟನ್ನು ಕಳಪೆಯೆಂದು ಬದಿಗೆ ತೆಗೆಯುತ್ತಾನೆ. ಮನೆಯಲ್ಲೇ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿದ್ದು 1966ರ ಕಾಯ್ದೆ. 1977ರಲ್ಲಿ ಪಿಎಫ್ ಬಂತು. ಎರಡರ ಹಿಂದೆಯೂ ಕೆಂಬಾವುಟದ ಸಂಘಗಳ ದುಡಿಮೆ ಇದೆ. ಮಗಳ ಮದುವೆಗೆ ಪಿಎಫ್ ತೆಗೆದ ಅಮ್ಮನಿಗೆ ಮಾರ್ಕ್ಸ್ ಯಾರೆಂದು ಗೊತ್ತಿರಬೇಕೆಂದೇನೂ ಇಲ್ಲ.

ಅಚ್ಚುಕಟ್ಟಾದ ಕಮ್ಯುನಿಸ್ಟರು ಸಿಗುತ್ತಿದ್ದದ್ದು ಬ್ಯಾಂಕಿನಲ್ಲಿ! ಇಸ್ತ್ರಿ ಹಾಕಿದ ಅಂಗಿಯ ಗುಮಾಸ್ತರು ಬ್ಯಾಂಕ್ ನೌಕರರ ಸಂಘ ಎಐಬಿಇಎಯ ಮುಷ್ಕರದ ದಿನ ಗೇಟಿನಲ್ಲಿ ಇಂಕ್ವಿಲಾಬ್ ಕೂಗಿ, ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಕರಗಿತು. ಅಲ್ಲಿ ದಿನವೂ ಪಿಗ್ಮಿ ಉಳಿತಾಯ ಕಟ್ಟಿದ ತಲೆಮಾರಿಗೆ ಸೋವಿಯತ್ ಒಕ್ಕೂಟ ಹೋದದ್ದಕ್ಕಿಂತ ಇದೇ ದೊಡ್ಡ ದುಃಖ.

ಡಿಕ್ಲರೇಶನ್ ಜಾಗವನ್ನು 15 ವರ್ಷ ಮಾರುವಂತಿರಲಿಲ್ಲ. ಕುಟುಂಬದೊಳಗೆ ಪಾಲು ಮಾಡಿಕೊಳ್ಳಬಹುದಿತ್ತು. ಪಾಲು ಚೆನ್ನಾಗಿಯೇ ಆಯಿತು. ಅಜ್ಜ ಒಬ್ಬನೇ ಪಡೆದ ಗದ್ದೆ ಮಕ್ಕಳ ಕಾಲಕ್ಕೆ ತುಂಡಾಗಿ, ಮೊಮ್ಮಕ್ಕಳ ಕಾಲಕ್ಕೆ ಸೆಂಟ್ಸಿಗೆ ಇಳಿಯಿತು. ಧಣಿಗಳ ಎದುರು ಒಟ್ಟಿಗೆ ನಿಂತವರ ಮಕ್ಕಳು ಗದ್ದೆಯ ಹುಣಿಯ ಜಾಗಕ್ಕಾಗಿ ಉಡುಪಿ ಕೋರ್ಟಿನಲ್ಲಿ ಎದುರುಬದುರು ನಿಂತರು. ಬಾವಿ ಯಾರ ಪಾಲಿಗೆ, ನಾಗಬನದ ದಾರಿ ಯಾರದು ಎಂಬ ಪ್ರಶ್ನೆಗೆ ಯಾವ ಟ್ರಿಬ್ಯೂನಲ್ಲಿನಲ್ಲೂ ಉತ್ತರವಿಲ್ಲ. ಭೂತದ ಕೋಲದ ದಿನ ಮಾತ್ರ ಎಲ್ಲರೂ ಬರುತ್ತಾರೆ, ಮುಂಬಯಿಯವರೂ ದುಬೈಯವರೂ.

ಅಷ್ಟರಲ್ಲಿ ಪಕ್ಕದ ಮಣಿಪಾಲ ಬೆಳೆಯುತ್ತ ಬಂತು. 1953ರಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ಬೋಳುಗುಡ್ಡೆಯಾಗಿದ್ದ ಜಾಗದ ಬೆಲೆ ಸುತ್ತಲಿನ ಊರುಗಳಿಗೂ ಹರಡಿತು. ಮಳೆಗಾಲದ ಏಣೇಲು ಬೆಳೆಗೇ ಆಳು ಸಿಗದವರಿಗೆ ಗದ್ದೆ ತುಂಬಿಸಿ ಸೈಟು ಮಾಡುವುದು ಸುಲಭದ ದಾರಿ. ಅವರನ್ನು ಬೈದು ಫಲವಿಲ್ಲ. ಭತ್ತ ಬೆಳೆದು ಮಕ್ಕಳ ಫೀಸು ಕಟ್ಟಿ ನೋಡಿದರೆ ಗೊತ್ತಾಗುತ್ತದೆ. 2020ರಲ್ಲಿ ಸರಕಾರ ಅದೇ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಗದ್ದೆ ಕೊಳ್ಳಲು ಈಗ ಕೃಷಿಕನಾಗಿರಬೇಕಿಲ್ಲ, ದುಡ್ಡಿದ್ದರೆ ಸಾಕು.