ಬಿಟ್ಟ ಪೆಟ್ಟು

ತಬಲಾದ ಡಗ್ಗಾಕ್ಕೆ ಹೊಸ ಚರ್ಮ ಹಾಕಿಸಿ ಈ ಶ್ರಾವಣದ ಭಜನೆಗೆ ಕೂತಾಗ ‘ಗೆ’ ಎಂಬ ಅಕ್ಷರ ಹೊಟ್ಟೆಯೊಳಗಿಂದ ಎದ್ದು ಬಂತು. ಅಂಗೈ ಬುಡವನ್ನು ತುಸು ಮುಂದೊತ್ತಿದರೆ ಸಾಕು, ನಾದ ಮೀಂಡಿನಲ್ಲಿ ಜಾರುತ್ತಿತ್ತು. ನಮ್ಮ ಊರು ಹುಡಗಿಯಲ್ಲಿ ಹೆದ್ದಾರಿಯ ಲಾರಿಗಳು ರಾತ್ರಿಯೂ ಬಾಯಿ ಮುಚ್ಚುವುದಿಲ್ಲ. ಅವುಗಳ ಗದ್ದಲದಲ್ಲೂ ಅದು ಕೇಳಿಸಿತು. ಆ ಸುಖ ಎರಡನೇ ವಚನದವರೆಗೆ ಉಳಿಯಿತು. ಆಮೇಲೆ ಎಲೆಕ್ಟ್ರಾನಿಕ್ ಪ್ಯಾಡ್ ನುಡಿಸುವವರೊಬ್ಬರು ಬಂದು ಪಕ್ಕದಲ್ಲಿ ಕೂತರು.

ಪ್ಯಾಡಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಸಂದು ಕಂಡಲ್ಲೆಲ್ಲ ಲಗ್ಗಿಯ ಬಿರುಸು ಬೋಲು ತುರುಕುವ ಚಟದ ಮೇಲೆ. ಸಾಕೆಂದು ಕೈ ಅಡ್ಡ ಹಿಡಿದವನ ತಾಟಿಗೂ ಹುಗ್ಗಿ ಸುರಿದಂತೆ ಇವರು ಪೆಟ್ಟು ಸುರಿಯುತ್ತಾರೆ. ಕೇಳಿದರೆ, ‘ಕೈ ಖಾಲಿ ಬಿಟ್ರ ನುಡಸ್ಲಿಕ್ಕ ಬರಂಗಿಲ್ಲ ಅಂತಾರ್ರಿ’ ಎನ್ನುತ್ತಾರೆ.

ಇವರಿಗೆಲ್ಲ ಡ್ರಮ್ಮರ್ ಚಾರ್ಲಿ ವಾಟ್ಸ್‌ನನ್ನು ಕೇಳಿಸಬೇಕು. 1941ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಕೊಂಡ ಬ್ಯಾಂಜೊದ ಕತ್ತು ಕಿತ್ತು, ಉಳಿದ ಚರ್ಮದ ಬಳೆಯನ್ನೇ ಡ್ರಮ್ ಮಾಡಿಕೊಂಡು ಬ್ರಷ್‌ನಲ್ಲಿ ನುಡಿಸಿದ. 1963ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡ ಸೇರಿ 2021ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಮನಸ್ಸು ಮಾತ್ರ ಜಾಝ್‌ನಲ್ಲಿ. ಕೈಗೆ ಹಣ ಬಂದಾಗ ದೊಡ್ಡ ಜಾಝ್ ವಾದ್ಯವೃಂದ ಕಟ್ಟಿದ. ಅದರಲ್ಲಿ ತನ್ನ ಜತೆ ಬೇರೆ ಡ್ರಮ್ಮರುಗಳನ್ನೂ ಕೂರಿಸಿಕೊಂಡ. 1986ರಲ್ಲಿ ಅದರ ಆಲ್ಬಂ ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಬಲಗೈ. ರಾಕ್ ಡ್ರಮ್ಮರು ಸಾಮಾನ್ಯವಾಗಿ ಒಂದು ಆವರ್ತಕ್ಕೆ ಹೈ-ಹ್ಯಾಟಿನ ತಾಳದ ಮೇಲೆ ಎಂಟು ಪೆಟ್ಟು ಹಾಕುತ್ತಾನೆ. ವಾಟ್ಸ್, ಎಡಗೈ ಸ್ನೇರ್ ಡ್ರಮ್ ಮೇಲೆ ಬೀಳುವ ಎರಡು ಕಡೆ ಬಲಗೈಯನ್ನು ಎತ್ತಿಬಿಡುತ್ತಿದ್ದ. ಎಂಟು ಆರಾಗುತ್ತಿತ್ತು. ಆ ಎರಡರಿಂದ ಸ್ನೇರ್ ಬಿಚ್ಚಿಕೊಂಡು ಕೇಳುತ್ತಿತ್ತು, ಹಾಡು ಮುಂದಕ್ಕೆ ವಾಲುತ್ತಿತ್ತು.

ಎಂಟು ಮಾತ್ರೆಯ ಕೆಹರವಾ ತಾಳದಲ್ಲಿ ನಾನು ಇದನ್ನೇ ಮಾಡುತ್ತೇನೆ. ಧಾ ಗೆ ನ ತಿ, ನ ಕ ಧಿ ನ. ಆ ‘ಕ’ವನ್ನು ಬಿಡಿ, ಆರನೇ ಮಾತ್ರೆ ಬಯಲಾಗಲಿ. ಹಾಡುವವರ ಉಸಿರಿಗೆ ಅಲ್ಲಿ ಜಾಗ ಸಿಗುತ್ತದೆ. ಏಳನೆಯದಾದ ‘ಧಿ’ಗೆ ಡಗ್ಗಾ ಮರಳಿದಾಗ ಅದರ ತೂಕ ಇಮ್ಮಡಿ. ಎಲ್ಲ ಆವರ್ತದಲ್ಲೂ ಬಿಡಬಾರದು. ಸಾಲಿನ ಕೊನೆಗೆ, ಪದ ಇಳಿಯುವ ಕಡೆ ಮಾತ್ರ. ಎಲ್ಲಿ ಎಂಬುದನ್ನು ಹಾಡುವವರ ತುಟಿ ಹೇಳುತ್ತದೆ, ಅದಕ್ಕೆ ಕಣ್ಣು ಅವರ ಮೇಲಿರಬೇಕು. ಪ್ಯಾಡಿನವರ ಕಣ್ಣು ಗುಂಡಿಗಳ ಮೇಲಿರುತ್ತದೆ.

ಹೀಗೆ ಪೆಟ್ಟು ಬಿಡುವುದು ಹೊರಗಿನವರಿಂದಲೇ ಕಲಿಯಬೇಕಾದ ವಿದ್ಯೆಯಲ್ಲ. ಮೃದಂಗ ವಾದಕ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅವರ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜತೆ ಮಾಡಿದ ‘ಜ್ಯೋತಿ’ ಆಲ್ಬಂ 1983ರಲ್ಲಿ ಹೊರಬಂತು. ಆರ್.ಎ. ರಮಾಮಣಿಯವರ ಕಂಠ, ಮೃದಂಗ, ಘಟ, ಖಂಜಿರ ಇವೆ; ಡ್ರಮ್ ಸೆಟ್ಟಿಲ್ಲ. ಅಷ್ಟು ಲಯವಾದ್ಯಗಳಿದ್ದೂ ಸ್ಯಾಕ್ಸೊಫೋನಿನ ಉಸಿರಿಗೆ ಎಲ್ಲೂ ಅಡ್ಡಿಯಿಲ್ಲ. ಜಾಝ್ ಜತೆ ಕೂರುವುದೆಂದರೆ ಪೈಪೋಟಿ ಎಂದುಕೊಂಡ ನಮ್ಮ ಫ್ಯೂಷನ್ ತಂಡಗಳು ಇದನ್ನು ಮತ್ತೆ ಮತ್ತೆ ಕೇಳಬೇಕು.

ನಮ್ಮ ಸೀಮೆಗೆ ಕೇಳುವ ಕಿವಿಯೇನೂ ಕಡಿಮೆಯಿಲ್ಲ. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಸಂಗೀತ ದರ್ಬಾರು ನಡೆಸುವ ಜನ ನಾವು. ಅದಕ್ಕೇ ಹೊಟ್ಟೆ ಉರಿಯುತ್ತದೆ. ವಚನ ಮಾತಿನ ಲಯದ್ದು, ಸಮ ಅಳತೆಯ ಪದ್ಯವಲ್ಲ. ಒಂದು ಸಾಲು ಉದ್ದ, ಮುಂದಿನದು ಎರಡೇ ಪದ. ಆ ಎರಡು ಪದದಲ್ಲೇ ಶರಣರು ಇಡೀ ಮಾತನ್ನು ತಿರುಗಿಸಿಬಿಡುತ್ತಾರೆ. ಸರಿಯಾಗಿ ಅಲ್ಲಿಗೇ ಪ್ಯಾಡಿನವರ ಲಗ್ಗಿ ಬೀಳುತ್ತದೆ. 12ನೇ ಶತಮಾನದಲ್ಲಿ ಬಸವಣ್ಣ ಆಡಿದ ಮಾತು ಕಲ್ಯಾಣದ ನೆರೆಯ ಊರಲ್ಲೇ ಕೇಳಿಸದಂತೆ ಮಾಡುವುದು ಅನ್ಯಾಯ.

ಭಜನೆಗೆ ನುಡಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ವಚನದ ಅಂಕಿತದ ಕೊನೆಯ ಅಕ್ಷರ ಹಾಡುವವರ ಬಾಯಿಂದ ಪೂರ್ತಿ ಹೊರಬರುವವರೆಗೆ ಕೈ ಎತ್ತಿ ಹಿಡಿಯಿರಿ.